ಶಿರಾಡಿ ಘಾಟಿಯಲ್ಲಿ ಎಡಬದಿಯ ಸೀಟು

ಲಾರಿಯಲ್ಲಿ ಚಾಲಕನ ಎಡಕ್ಕಿರುವ ಸೀಟು ಊರು ನೋಡುತ್ತಾ ಹೋಗುವವರಿಗಲ್ಲ, ಅದೂ ಕೆಲಸದ ಜಾಗವೇ. ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ ಲೋಡಿನೊಂದಿಗೆ ನಮ್ಮವರ ಜೊತೆ ಒಂದು ರಾತ್ರಿ ಹೋದಾಗ ಇದು ತಿಳಿಯಿತು. ಕ್ಲೀನರ್ ಹುಡುಗ ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದ. ಅವನ ಜಾಗ ನನಗೆ ಸಿಕ್ಕಿತು.

ಸಕಲೇಶಪುರದವರೆಗಿನ 40 ಕಿ.ಮೀ. ಬಗ್ಗೆ ಹೇಳುವಂಥದ್ದೇನಿಲ್ಲ. ಹೇಮಾವತಿ ದಾಟಿ, ಟಯರುಗಳನ್ನು ಬಡಿದು ನೋಡಿ, ತಾರ್ಪಾಲಿನ ಹಗ್ಗ ಬಿಗಿದು ಹೊರಟ ಮೇಲೆ ಇವರ ಮಾತು ನಿಂತಿತು. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಇಳಿಜಾರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕತ್ತಲಲ್ಲಿ ಕೆಂಪುಹೊಳೆ. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಈ ದಾರಿ ಮುಚ್ಚಿದಾಗ ಇವರು ವಾರಗಟ್ಟಲೆ ಮನೆಯಲ್ಲಿದ್ದರು. ಮನೆಗೆ ಬಂದ ನೆಂಟರು ‘ಆರಾಮಾಗಿದ್ದೀರಿ’ ಎಂದಿದ್ದರು!

“ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯೋದಿಲ್ವಾ?” ಎಂದೆ.

“ಡೀಸೆಲ್ ಉಳಿದರೂ ನಾವು ಉಳಿಯೋದಿಲ್ಲ.”

ಘಾಟಿಯನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಲಾರಿಯವರ ಹಳೆಯ ಪಾಠ. ಚಿಕ್ಕ ಗೇರಿನಲ್ಲಿ ಎಂಜಿನ್ನೇ ಚಕ್ರಗಳನ್ನು ಹಿಡಿದು ನಿಧಾನಿಸುತ್ತದೆ. ಹಾಗಲ್ಲದೆ ಬ್ರೇಕಿನ ಮೇಲೇ ಕಾಲಿಟ್ಟು ಬಂದರೆ ಅಷ್ಟು ತೂಕದ ವೇಗವೆಲ್ಲ ಡ್ರಮ್ಮಿನಲ್ಲಿ ಶಾಖವಾಗಿ, ಕೊನೆಗೆ ಬ್ರೇಕು ಹಿಡಿಯುವುದೇ ಇಲ್ಲ. ಶಕ್ತಿಯ ರೂಪಾಂತರದ ಪಾಠ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ನನ್ನ ಕೆಲಸ ಎಡಗನ್ನಡಿಯದ್ದು. ಲಾರಿಯ ಎಡಮಗ್ಗುಲು ಚಾಲಕನಿಗೆ ಪೂರ್ತಿ ಕಾಣದು. “ಬೈಕ್ ಬಂತು... ಈಗ ಬಿಡಿ” ಎನ್ನುತ್ತಾ ಬಂದು ನನ್ನ ಗಂಟಲು ಒಣಗಿತ್ತು.

ಗುಂಡ್ಯದಲ್ಲಿ ಚಹಾ. ಗಂಡಸರಿಗೆ ರಸ್ತೆಯುದ್ದಕ್ಕೂ ಮರೆಗಳಿವೆ. ಹೆಂಗಸು ಮಾತ್ರ ಪೆಟ್ರೋಲ್ ಬಂಕು ಬರುವವರೆಗೆ ನೀರು ಕುಡಿಯದೆ ಕೂರಬೇಕು. ನಾನು ಅರ್ಧ ಲೋಟ ಕುಡಿದು ಇಟ್ಟೆ. ಇವರು ತಾವಾಗಿಯೇ ಮಾತು ತೆಗೆದರು.

“ಮಗಳು ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ವ್ಯಾಪಾರ ಅಂತ ಬರೆದಿದ್ದಾಳೆ. ನೋಡಿದೆ.”

“ಕೇಳಲಿಲ್ವಾ?”

“ಕೇಳಿ ಏನು ಹೇಳಲಿ? ಅವಳ ಗೆಳತಿಯರ ಅಪ್ಪಂದಿರು ರಾತ್ರಿ ಮನೇಲಿರ್ತಾರೆ ಕಣೆ.”

ಮತ್ತೆ ಲಾರಿ ಹತ್ತಿದೆವು. ಅಪಾಯವೆಲ್ಲ ಘಾಟಿಯಲ್ಲೇ ಮುಗಿಯಿತೆಂದುಕೊಂಡಿದ್ದೆ. ಹಾಗೇನಿಲ್ಲ, ತಿರುವು ಕಡಿಮೆಯಾದ ಮೇಲೆ ನಿದ್ದೆ ಬರುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆಯ ಕೆಲಸ, 5 ಗಂಟೆ ಮೀರುವ ಮುಂಚೆ ಅರ್ಧ ಗಂಟೆಯ ವಿಶ್ರಾಂತಿ ಎಂದಿತ್ತು. ಬೆಳಕು ಹರಿಯುವಷ್ಟರಲ್ಲಿ ಮಂಡಿ ಮುಟ್ಟಬೇಕಾದವರಿಗೆ ಅದನ್ನು ಓದಿ ಹೇಳುವವರು ಯಾರು?

ಕುಮಾರಧಾರಾ ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿ ಹತ್ತಿರವಾಗುತ್ತಿತ್ತು. ನಾನು ಕೇಳಿದ್ದಕ್ಕೆಲ್ಲ ಬರಿಯ ‘ಹೂಂ’ ಬರುತ್ತಿತ್ತು. ಕೊನೆಗೆ ಅದೂ ನಿಂತಿತು.

“ರೀ, ನಿಲ್ಲಿಸಿ.”

“ಇನ್ನೇನು, ಬಂದೇಬಿಡ್ತಲ್ಲ.”

“ಆಲೂಗಡ್ಡೆ ಏನು ಹಾಲೇ, ಒಡೆದುಹೋಗೋಕೆ? ಬದಿಗೆ ಹಾಕಿ.”

ಬಂಕಿನ ಬಯಲಲ್ಲಿ ನಿಲ್ಲಿಸಿ ಸ್ಟೀರಿಂಗಿನ ಮೇಲೇ ತಲೆಯಿಟ್ಟರು. ನಲವತ್ತು ನಿಮಿಷ ನಾನು ಎಬ್ಬಿಸಲಿಲ್ಲ.

ಮಂಗಳೂರು ಮುಟ್ಟಿದಾಗ ಬಿಸಿಲು ಬಂದಿತ್ತು. ತಡವಾಯಿತೆಂದು ಮಂಡಿಯವರು ಗೊಣಗಿದರು. ಹಮಾಲಿಗಳು ಚೀಲ ಇಳಿಸುತ್ತಿದ್ದಂತೆ ಇವರು ಕ್ಯಾಬಿನ್ನಿನಲ್ಲಿ ಕಾಲು ಚಾಚಿದರು. ಸಂಜೆ ವಾಪಸು ಲೋಡು ಸಿಕ್ಕಿತು. ಹೆಂಚು.