ನೋವಿಲ್ರೀ ಸರ್

2020ರ ನವೆಂಬರ್ ತಿಂಗಳು. ಕೊರೋನಾ ಕಾಲವಾದ್ದರಿಂದ ಸಂಜೆಯ ತಿರುಗಾಟವೂ ನಿಂತು, ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬನ ಫೋನು ಬಂದಿತು. ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ ಅವನು ಕೇಳಿದ: "ಸರ್, ನಮ್ಮ ಗದಗಿನ ಜೋಶಿಯವರು ಮಾಡಿದ್ದು ಸರಿ ಐತಿ ಅಲ್ರೀ?"

ಪ್ರಶ್ನೆ ಕ್ರಿಕೆಟ್ಟಿನದು. ಆದರೆ ಕೇಳಿದವನು ಯಾರೆಂಬುದರಿಂದ ಅದು ನನಗೆ ಬೇರೆಯೇ ಪ್ರಶ್ನೆಯಾಗಿ ಕೇಳಿಸಿತು.

ಗದಗಿನ ಸುನಿಲ್ ಜೋಶಿಯವರನ್ನು ನಮ್ಮ ಸೀಮೆಯವರಿಗೆ ಪರಿಚಯಿಸಬೇಕಾಗಿಲ್ಲ. ಬಾಲ್ಯದಲ್ಲಿ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಗದಗಿಗೆ ಮರಳುತ್ತಿದ್ದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಕೇವಲ 6 ರನ್ನು ಕೊಟ್ಟು 5 ವಿಕೆಟ್ಟು ಪಡೆದವರು. 2020ರ ಮಾರ್ಚಿನಲ್ಲಿ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಅದೇ ಅಕ್ಟೋಬರ್ 26ರಂದು ಆಸ್ಟ್ರೇಲಿಯಾ ಪ್ರವಾಸದ ತಂಡಗಳು ಪ್ರಕಟವಾದಾಗ ರೋಹಿತ್ ಶರ್ಮಾ ಅವರ ಹೆಸರು ಯಾವುದರಲ್ಲಿಯೂ ಇರಲಿಲ್ಲ. ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟಾಗಿದೆ, ವೈದ್ಯರು ಗಮನಿಸುತ್ತಿದ್ದಾರೆ ಎಂದು ಮಂಡಳಿ ತಿಳಿಸಿತು. ಆದರೆ ರೋಹಿತ್ ನವೆಂಬರ್ ಮೊದಲ ವಾರದಲ್ಲಿಯೇ ಐಪಿಎಲ್ ಕಣಕ್ಕೆ ಮರಳಿದರು; 10ರಂದು ಅಂತಿಮ ಪಂದ್ಯದಲ್ಲಿ 68 ರನ್ನು ಹೊಡೆದು ಮುಂಬೈ ತಂಡವನ್ನು ಗೆಲ್ಲಿಸಿದರು. ಆಡಬಲ್ಲವನನ್ನು ಏಕೆ ಬಿಟ್ಟರೆಂದು ದೇಶವೆಲ್ಲ ಕೇಳಿತು. ಅಂತಿಮ ಪಂದ್ಯದ ಹಿಂದಿನ ದಿನ ಮಂಡಳಿಯು ಅವರನ್ನು ಟೆಸ್ಟ್ ತಂಡಕ್ಕೆ ಮಾತ್ರ ಸೇರಿಸಿ, ಸೀಮಿತ ಓವರುಗಳ ಪಂದ್ಯಗಳಿಂದ ವಿಶ್ರಾಂತಿ ಕೊಟ್ಟಿತ್ತು. ಮುಂದೆ ಅವರು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಆರೈಕೆ ಪಡೆದು, ಡಿಸೆಂಬರಿನಲ್ಲಿ ದೇಹಕ್ಷಮತೆಯ ಪರೀಕ್ಷೆ ಮುಗಿಸಿ, 2021ರ ಜನವರಿಯಲ್ಲಿ ಸಿಡ್ನಿಯ ಮೂರನೆಯ ಟೆಸ್ಟಿಗೆ ಇಳಿದರು. ನಡುವೆ ನಾಯಕ ಕೊಹ್ಲಿಯವರೇ ತಮಗೆ ಸ್ಪಷ್ಟ ಮಾಹಿತಿಯಿಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಕಾಯಿಸಿದ್ದು ತಪ್ಪಲ್ಲ, ಆದರೆ ಏಕೆ, ಎಷ್ಟು ದಿನ ಎಂಬುದು ಎಲ್ಲರಿಗೂ ಒಂದೇ ರೀತಿ ತಿಳಿದಿರಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ.

1988. ರೋಣ ಆಗ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿತ್ತು. ನಾನು ಗಣಿತದ ಶಿಕ್ಷಕ. ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಕಬಡ್ಡಿ ತಂಡವೂ ನನ್ನ ಪಾಲಿಗೆ ಬಂದಿತ್ತು. ನಮ್ಮ ಶಾಲೆ ಎಂದೂ ತಾಲೂಕಿನ ಗಡಿ ದಾಟಿರಲಿಲ್ಲ. ಆ ವರ್ಷ ದಾಟುವ ಲಕ್ಷಣವಿತ್ತು. ಕಾರಣ ಒಬ್ಬನೇ ಹುಡುಗ. ಅವನ ಹೆಸರನ್ನು ಬರೆಯುವುದಿಲ್ಲ. ಆ ತಂಡದಲ್ಲಿದ್ದವರಿಗೆ ಗೊತ್ತು. ಎದುರಾಳಿ ಅಂಕಣಕ್ಕೆ ಹೋದರೆ ಒಬ್ಬರನ್ನಾದರೂ ಮುಟ್ಟಿಯೇ ಬರುತ್ತಿದ್ದ.

ಪಂದ್ಯಕ್ಕೆ ಮೂರು ವಾರವಿರುವಾಗ, ಮಳೆಯಾಗಿ ಅರೆ ಒಣಗಿದ್ದ ಎರೆಮಣ್ಣಿನಲ್ಲಿ ಅವನ ಪಾದ ನೆಟ್ಟುಕೊಂಡಿತು, ಮೈ ತಿರುಗಿತು. ಮೊಣಕಾಲು ಕುಂಬಳಕಾಯಿಯಂತೆ ಊದಿತು. ಊರಿನಲ್ಲಿ ಎಲುಬು ಕಟ್ಟುವವರೊಬ್ಬರು ಅರಿಷಿಣ–ಸುಣ್ಣದ ಪಟ್ಟು ಹಾಕಿದರು. ಹದಿನೈದು ದಿನಕ್ಕೆ ಬಾವು ಇಳಿಯಿತು. ನಡೆಯತೊಡಗಿದ, ನೆಟ್ಟಗೆ ಓಡಿಯೂ ತೋರಿಸಿದ.

ಆದರೆ ನಾನೊಂದು ಕಂಡಿದ್ದೆ. ಶಾಲೆಯ ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ಅದೇ ಒಂದು ಕಾಲನ್ನು ಮೊದಲು ಇಡುತ್ತಿದ್ದ. ಗೋಡೆಗೆ ಕೈ ಹಚ್ಚುತ್ತಿದ್ದ. ಕಂಡೂ ಕಾಣದವನಂತಿದ್ದೆ.

ಅವನ ತಂದೆ ಬಂದು, "ಮಾಸ್ತರ, ನಿಮ್ಮ ಕೈಯಾಗ ಕೊಟ್ಟೀನ್ರಿ, ನೀವು ಹೆಂಗಂತೀರೋ ಹಂಗ" ಎಂದು ಹೇಳಿ ಹೋದರು. ಪಂದ್ಯದ ಹಿಂದಿನ ಸಂಜೆ ಉಳಿದ ಹುಡುಗರೆಲ್ಲ ಸುತ್ತ ನಿಂತಿರುವಾಗ ನಾನು ಕೇಳಿದೆ: "ಏನಪಾ, ನೋವು ಐತೇನು?"

"ನೋವಿಲ್ರೀ ಸರ್. ಆಡ್ತೀನ್ರೀ."

ಆ ಉತ್ತರವನ್ನೇ ಬಯಸಿ ಕೇಳಿದ ಪ್ರಶ್ನೆ ಅದು. ಹದಿನೈದರ ಹುಡುಗ, ಗೆಳೆಯರೆದುರು, ಗುರುವಿನೆದುರು ಮತ್ತೇನು ಹೇಳಿಯಾನು? ಮೊದಲ ಪಂದ್ಯ ಗೆದ್ದೆವು. ಎರಡನೆಯದರ ಉತ್ತರಾರ್ಧದಲ್ಲಿ ಅವನು ಹೊರಳಿದ. ಮೊಣಕಾಲು ಮತ್ತೆ ತಪ್ಪಿತು. ಯಾರೂ ಅವನನ್ನು ಹಿಡಿದಿರಲಿಲ್ಲ. ಆ ಮೇಲೆ ಅವನು ಕಬಡ್ಡಿ ಆಡಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆಯಲೂ ಆಗದೆ, ಹೊಲ ಬಿಟ್ಟು ಕಿರಾಣಿ ಅಂಗಡಿ ಇಟ್ಟ.

ಪೆಟ್ಟಾದ ಕೀಲು ನೆಟ್ಟಗೆ ಓಡುವಾಗ ಸುಮ್ಮನಿರುತ್ತದೆ. ತಟ್ಟನೆ ತಿರುಗುವಾಗ ಸೋಲುತ್ತದೆ ಎಂಬುದನ್ನು ನಾನು ಬಹಳ ತಡವಾಗಿ ತಿಳಿದೆ. ಬಾವು ಇಳಿದರೆ ಸಾಲದು. ಒಳ್ಳೆಯ ಕಾಲಿನಷ್ಟೇ ಬಲ ಈ ಕಾಲಿಗೂ ಬಂದಿರಬೇಕು, ಒಂಟಿಗಾಲಿನಲ್ಲಿ ಕುಪ್ಪಳಿಸಿ ನಿಲ್ಲಬೇಕು, ನೇರ ಓಟ, ಬಳಿಕ ತಿರುವಿನ ಓಟ, ಬಳಿಕ ಜೊತೆಯವರೊಡನೆ ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಒಂದು ಮೆಟ್ಟಿಲು ತಪ್ಪಿಸಿದರೂ ಲೆಕ್ಕ ತಪ್ಪುತ್ತದೆ. ಗಣಿತದ ಮಾಸ್ತರನಿಗೆ ಇದು ಹೊಳೆಯಬೇಕಾಗಿತ್ತು.

ಇನ್ನೊಂದು ತಪ್ಪನ್ನೂ ಮಾಡಿದ್ದೇನೆ. 2002ರಲ್ಲಿ ಆಂಟಿಗಾದಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರು ಎಸೆದು ಲಾರಾ ಅವರ ವಿಕೆಟ್ಟು ಪಡೆದದ್ದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದೆನೋ! ಅದು ದೊಡ್ಡ ಧೈರ್ಯವೇ. ಆದರೆ ಅದೇ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯ ಕಾರಣ 2001ರ ಆಸ್ಟ್ರೇಲಿಯಾ ವಿರುದ್ಧದ ಪ್ರಸಿದ್ಧ ಸರಣಿಯನ್ನು ಪೂರ್ತಿ ಬಿಟ್ಟು ಕುಳಿತಿದ್ದರು. ಅವರ 619 ಟೆಸ್ಟ್ ವಿಕೆಟ್ಟುಗಳಲ್ಲಿ ಆ ಕಾಯುವಿಕೆಯ ಪಾಲೂ ಇದೆ. ಪಟ್ಟಿ ಸುತ್ತಿದ ಕಥೆಯನ್ನು ಹೇಳಿದೆ. ಕಾದ ಕಥೆಯನ್ನು ಒಮ್ಮೆಯೂ ಹೇಳಲಿಲ್ಲ.

ಮೆಲ್ಬರ್ನಿನಲ್ಲಿರುವ ಶಿಷ್ಯನೊಬ್ಬ ಅಲ್ಲಿಯ ಆಟದ ವಿಚಾರ ಹೇಳಿದ. ಅಂಡಾಕಾರದ ಚೆಂಡು, ಕಡೆಗೆ ಹದಿನೆಂಟು ಜನ, ಕಾಲು ಕೈ ಎರಡನ್ನೂ ಬಳಸುವ ಅವರದೇ ಫುಟ್‌ಬಾಲು. ತಲೆಗೆ ಪೆಟ್ಟಾಗಿ ಮಂಕಾದವನು ಹನ್ನೆರಡನೆಯ ದಿನಕ್ಕಿಂತ ಮೊದಲು ಪಂದ್ಯ ಆಡುವಂತಿಲ್ಲವೆಂದು 2021ರಲ್ಲಿ ನಿಯಮ ಮಾಡಿದರಂತೆ. ಅದರ ಹಿಂದಿನ ವಿವೇಕ ನನಗೆ ಮೆಚ್ಚಿಗೆಯಾಯಿತು. ಆಟಗಾರ 'ನೋವಿಲ್ಲ' ಎಂದರೂ ಅಲ್ಲಿ ಅದು ಲೆಕ್ಕಕ್ಕಿಲ್ಲ. ಗೆಲ್ಲಬೇಕೆಂಬ ಆಸೆಯುಳ್ಳವನ ಕೈಯಲ್ಲಿ ಆ ತೀರ್ಮಾನವನ್ನು ಬಿಟ್ಟಿಲ್ಲ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ಮಗುವನ್ನು ಒಬ್ಬಂಟಿಯಾಗಿ ಕರೆದು ಕೇಳಿರಿ. ಆ ಪಂದ್ಯದಲ್ಲಿ ಸೋಲುಗೆಲುವಿಲ್ಲದವರೊಬ್ಬರಿಗೆ, ಸಾಧ್ಯವಾದರೆ ವೈದ್ಯರಿಗೆ, ತೀರ್ಮಾನ ಬಿಡಿರಿ. ಬಿಟ್ಟವನಿಗೆ ಏಕೆ ಬಿಟ್ಟೆವು, ಯಾವಾಗ ಮರಳಬಹುದು ಎಂಬುದನ್ನು ತಿಳಿಯಹೇಳಿರಿ. ಇಲ್ಲವಾದರೆ ಅವನು ಮುಂದಿನ ಸಲ ನೋವನ್ನು ಮುಚ್ಚಿಡುತ್ತಾನೆ. ಮೆಟ್ಟಿಲಿಳಿಯುವುದನ್ನು ನೋಡಿರಿ. ಬಾಯಿ ಸುಳ್ಳು ಹೇಳಿದರೂ ಕಾಲು ಹೇಳುವುದಿಲ್ಲ.

ಅಂದು ಫೋನಿನಲ್ಲಿ ನಾನು, "ಸರಿ ಐತಪಾ, ಕಾಯಬೇಕಿತ್ತು" ಎಂದೆ. ಆ ಕಡೆ ತುಸು ಹೊತ್ತು ಮೌನ. ಬಳಿಕ ಅವನು, "ಹೌದ್ರೀ ಸರ್, ನಾನೂ ಅದನ್ನ ಅಂದ್ಕೊಂಡಿದ್ದೆ" ಎಂದು ಮಾತು ಬದಲಿಸಿ, ಕಡಲೆಯ ಬಿತ್ತನೆಯ ವಿಷಯ ತೆಗೆದ. ಅಸಮಾಧಾನದ ಒಂದು ಮಾತೂ ಇರಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು.

ಹೇಳಬೇಕಾದದ್ದು ಆಗಲೂ ಬಾಯಿಗೆ ಬರಲಿಲ್ಲ. ಅವನು ಈ ಪುಟವನ್ನು ಓದುತ್ತಾನೆಂದು ಬಲ್ಲೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಿನಗೆ ನೋವಿತ್ತೆಂದು ನನಗೆ ಗೊತ್ತಿತ್ತು, ತಮ್ಮಾ. ಗೊತ್ತಿದ್ದೇ ಕೇಳಿದೆ.