ಹಾಳೆಯ ಮೇಲೆ ಮಗ್ಗುಲು

ಬೆಳಗಿನ ಜಾವ ಐದೂವರೆ. ನೈಟ್ ಡ್ಯೂಟಿ ಮುಗಿಯಲು ಇನ್ನೂ ಎರಡೂವರೆ ತಾಸು. ರೋಗಿಯನ್ನು ಎರಡೆರಡು ತಾಸಿಗೆ ಮಗ್ಗುಲಾಗಿಸಿದ್ದನ್ನು ದಾಖಲಿಸುವ ಟರ್ನಿಂಗ್ ಚಾರ್ಟು ಮುಂದಿಟ್ಟುಕೊಂಡು ನಾನು ಬರೆಯುತ್ತಿದ್ದೆ: ರಾತ್ರಿ 10ಕ್ಕೆ ಎಡ, 12ಕ್ಕೆ ಅಂಗಾತ, 2ಕ್ಕೆ ಬಲ, 4ಕ್ಕೆ ಎಡ. ಒಂದೇ ಪೆನ್ನು, ಒಂದೇ ಓಟ. ಪ್ರತಿ ಸಾಲಿನ ಮುಂದೆ ನನ್ನ ಸಹಿ. ಹದಿನಾಲ್ಕನೇ ಬೆಡ್ಡಿನ ಅಜ್ಜ, ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವರು, ಹತ್ತು ಗಂಟೆಗೆ ಹೇಗೆ ಅಂಗಾತ ಮಲಗಿದ್ದರೋ ಹಾಗೇ ಮಲಗಿದ್ದರು.

ನೆಲ ಒರೆಸುತ್ತಿದ್ದ ಆಯಾ ಮೇಜಿನ ಹತ್ತಿರ ಬಂದು ನಿಂತಳು. ಓದು ಬರಹ ಬಾರದವಳು. ಆದರೂ ನಾನೇನು ಗೀಚುತ್ತಿದ್ದೇನೆಂಬುದು ಅವಳಿಗೆ ಗೊತ್ತಿತ್ತು. ‘ಅಜ್ಜಾರು ಹಾಳಿ ಮ್ಯಾಗ ಹೊಳ್ಳ್ಯಾರ ಬಿಡ್ರಿ ಸಿಸ್ಟರ್, ಹಾಸಿಗಿ ಮ್ಯಾಗ ಹೊಳ್ಳಿಲ್ಲ’ ಅಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ನಳದಾಗ ನೀರು ಬಂದಿಲ್ಲ ಎನ್ನುವಷ್ಟೇ ಸರಳವಾಗಿ ಹೇಳಿ, ಬಕೆಟ್ ಎತ್ತಿಕೊಂಡು ಹೋದಳು.

ಇದಾಗಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ನಾನು ಈಗ ನರ್ಸಿಂಗ್ ಪಾಠ ಮಾಡುವವಳು, ಸಂಶೋಧನೆಗೆ ಗೈಡ್ ಆಗಿರುವವಳು. ಆ ಮಾತನ್ನು ಮಾತ್ರ ಯಾವ ಕ್ಲಾಸಿನಲ್ಲೂ ಹೇಳಿಲ್ಲ.

ನೆಪ ನನ್ನ ಬಳಿ ಬೇಕಾದಷ್ಟಿತ್ತು. ನಲವತ್ತು ಹಾಸಿಗೆಯ ವಾರ್ಡು, ರಾತ್ರಿಗೆ ಇಬ್ಬರು ಸಿಸ್ಟರ್, ಒಬ್ಬಳೇ ಆಯಾ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಉಳಿದ ಕಡೆ ಐದಕ್ಕೊಬ್ಬರು ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ನಮ್ಮದು ಇಪ್ಪತ್ತಕ್ಕೊಬ್ಬರು. ಒಂದೆಡೆ ಡ್ರಿಪ್ ಮುಗಿದಿರುತ್ತದೆ, ಇನ್ನೊಂದೆಡೆ ಉಸಿರಾಟ ಏರುಪೇರಾಗಿರುತ್ತದೆ, ಎಮರ್ಜೆನ್ಸಿಯಿಂದ ಹೊಸ ಅಡ್ಮಿಷನ್ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಅಂಥ ರಾತ್ರಿಯಲ್ಲಿ ಸುಮ್ಮನೆ ಮಲಗಿರುವ ಅಜ್ಜನ ಮಗ್ಗುಲು ಯಾರಿಗೆ ನೆನಪಾಗಬೇಕು?

ನೆಪ ಸುಳ್ಳಲ್ಲ. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳನ್ನು ಅಭ್ಯಾಸ ಮಾಡಿ 2014ರಲ್ಲಿ ತೋರಿಸಿದ್ದು ಇದನ್ನೇ: ನರ್ಸೊಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. ಅದನ್ನು ಓದಿದ ದಿನ ನನಗೆ ಸಮಾಧಾನವಾಗಬೇಕಿತ್ತು. ಆಗಿದ್ದು ಹೊಟ್ಟೆ ತೊಳೆಸಿದ ಹಾಗೆ. ಇಬ್ಬರಿಂದ ಇಷ್ಟೆಲ್ಲ ಆಗುವುದಿಲ್ಲ ಎಂಬುದಕ್ಕೆ ನಮ್ಮ ವಾರ್ಡಿನಲ್ಲಿದ್ದ ಒಂದೇ ಸಾಕ್ಷಿ ಆ ಚಾರ್ಟು. ಅದರಲ್ಲಿ ನಾನು ಎಲ್ಲವೂ ಆಗಿದೆ ಎಂದು ಸಹಿ ಹಾಕಿದ್ದೆ. ಮೂರನೇ ಸಿಸ್ಟರನ್ನು ಕೊಡಿ ಎಂದು ಯಾರಾದರೂ ಮೇಲಿನವರ ಬಳಿ ಹೋಗಿದ್ದರೆ, ಅವರು ನನ್ನ ಚಾರ್ಟನ್ನೇ ತೆರೆದು ತೋರಿಸಿ ವಾಪಸ್ ಕಳಿಸಬಹುದಿತ್ತು. ಮೈಗಳ್ಳತನದಿಂದ ಬರೆದ ಸುಳ್ಳಾಗಿದ್ದರೆ ಅದರ ಹಾನಿ ಆ ರಾತ್ರಿಗೇ ಮುಗಿಯುತ್ತಿತ್ತು. ನನ್ನದು ಮುಂದಿನ ರಾತ್ರಿಗಳ ಬಾಯನ್ನೂ ಕಟ್ಟಿತು.

ಅಜ್ಜನಿಗೆ ಹುಣ್ಣಾಯಿತು. ಅದರ ಸೂಚನೆ ಮೊದಲು ಸಿಕ್ಕಿದ್ದು ಆಯಾಗೆ. ಒದ್ದೆಯಾದ ಬಟ್ಟೆ ಬದಲಿಸುವಾಗ ಅಂಗೈ ಹೊರಳಿಸಿ, ಹಿಂಗೈಯನ್ನು ಅಜ್ಜನ ಬೆನ್ನಿನ ಬುಡದ ಎಲುಬಿನ ಮೇಲಿಟ್ಟು, ‘ಇಲ್ಲಿ ಬಿಸಿ ಐತ್ರಿ, ಗಟ್ಟಿನೂ ಹತ್ತತೈತಿ’ ಅಂದಳು. ನಾನು ಟಾರ್ಚ್ ಬಿಟ್ಟು ನೋಡಿದೆ. ಕೆಂಪು ಕಾಣಲಿಲ್ಲ. ಏನಿಲ್ಲ ಬಿಡು ಅಂದೆ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮದಲ್ಲಿ ರಕ್ತ ಓಡಾಡದೆ ಮೊದಲು ಕೆಂಪಾಗುತ್ತದೆ, ಒತ್ತಿದರೂ ಆ ಕೆಂಪು ಹೋಗುವುದಿಲ್ಲ ಎಂದು ನಾನು ಓದಿದ್ದೆ. ಆ ಪಾಠ ಬಿಳಿ ಚರ್ಮ ನೋಡಿ ಬರೆದದ್ದು. ನಮ್ಮಂಥ ಕಪ್ಪು, ಎಣ್ಣೆಗೆಂಪು ಮೈಯಲ್ಲಿ ಆ ಕೆಂಪು ಕಣ್ಣಿಗೆ ಬೀಳುವುದಿಲ್ಲ. ಶಾಖ, ಗಟ್ಟಿತನ, ನೋವು ಇವನ್ನು ಮುಟ್ಟಿಯೇ ತಿಳಿಯಬೇಕು. ಇದನ್ನು ಈಗಿನ ಮಾರ್ಗಸೂಚಿಗಳೂ ಹೇಳುತ್ತವೆ. ಆಯಾ ಅವತ್ತೇ ಹೇಳಿದ್ದಳು.

ಮೂರು ದಿನಕ್ಕೆ ಚರ್ಮ ಒಡೆಯಿತು. ಬೆಳಗಿನ ಹ್ಯಾಂಡೋವರಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಚಾರ್ಟು ತಿರುವಿ ನೋಡಿದರು. ಎರಡೆರಡು ತಾಸಿಗೆ ಸಹಿ, ಒಂದೂ ತಪ್ಪಿಲ್ಲ. ‘ಮತ್ತೆ ಇದು ಹೆಂಗಾಯ್ತು?’ ಅಂದವರು ತಾವೇ ಉತ್ತರ ಹುಡುಕಿಕೊಂಡರು. ಆಯಾ ಒದ್ದೆ ಬಟ್ಟೆ ಬದಲಿಸಿಲ್ಲ! ಎಲ್ಲರೆದುರು ಅವಳನ್ನು ಬೈದರು. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನೇನು ಮಾಡುತ್ತಿದ್ದೆನೋ. ನಾನು ಮೇಜಿನ ಮೇಲಿನ ಥರ್ಮಾಮೀಟರ್ ಎಣಿಸುತ್ತಾ ನಿಂತೆ.

ಅಜ್ಜನ ಮಗ ಬಂದು ಕೇಳಿದಾಗ ನಮ್ಮ ಉತ್ತರವೇ ಬೇರೆ: ‘ಈ ವಯಸ್ಸಿಗೆ, ಈ ಕಾಯಿಲೆಗೆ ಇದು ಬರೋದೇ.’ ಹತ್ತೊಂಬತ್ತನೇ ಶತಮಾನದಲ್ಲಿ ಇದರ ಬಗ್ಗೆ ಎರಡು ನಿಲುವುಗಳಿದ್ದವು. ನರಕ್ಕೆ ಪೆಟ್ಟಾದವರಿಗೆ ಈ ಹುಣ್ಣು ಒಳಗಿನಿಂದಲೇ ಬರುತ್ತದೆ, ಅದು ಸಾವಿನ ಸೂಚನೆ ಎಂದು ಫ್ರಾನ್ಸಿನ ವೈದ್ಯ ಶಾರ್ಕೋ ನಂಬಿದ್ದ. ಹುಣ್ಣಾದರೆ ಸಾಮಾನ್ಯವಾಗಿ ತಪ್ಪು ಕಾಯಿಲೆಯದಲ್ಲ, ಶುಶ್ರೂಷೆಯದು ಎಂಬರ್ಥದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 1859ರ ತನ್ನ ಪುಸ್ತಕದಲ್ಲಿ ಬರೆದಿದ್ದಳು. ನಾವು ಎರಡನ್ನೂ ಅನುಕೂಲಕ್ಕೆ ತಕ್ಕಂತೆ ಬಳಸಿದೆವು. ಮನೆಯವರ ಮುಂದೆ ಶಾರ್ಕೋ, ಆಯಾಗಳ ಮುಂದೆ ನೈಟಿಂಗೇಲ್. ಆಸ್ಪತ್ರೆಯಲ್ಲಿ ತಪ್ಪು ಸದಾ ಇಳಿಜಾರಿನತ್ತ ಹರಿಯುತ್ತದೆ. ಎಲ್ಲಕ್ಕಿಂತ ಕೆಳಗೆ ಪೊರಕೆ ಹಿಡಿದವಳಿರುತ್ತಾಳೆ.

ಕೆಲ ವರ್ಷಗಳ ನಂತರ ಎಂ.ಎಸ್ಸಿ. ಮಾಡಿದೆ. ಡಿಸರ್ಟೇಶನ್ನಿಗೆ ಆರಿಸಿಕೊಂಡ ವಿಷಯ ಬೆಡ್‌ಸೋರ್. ಪಶ್ಚಾತ್ತಾಪದಿಂದ ಆರಿಸಿಕೊಂಡೆ ಎಂದು ಹೇಳಿಕೊಳ್ಳಲು ಆಸೆಯಿದೆ. ನಿಜವೆಂದರೆ ಆ ವಿಷಯಕ್ಕೆ ಹಳೆಯ ಪ್ರಬಂಧಗಳು ಸುಲಭವಾಗಿ ಸಿಗುತ್ತಿದ್ದವು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರಿಗೆ ಆ ಅಚ್ಚು ಗೊತ್ತು: ‘ಇಂಥ ವಿಷಯದ ಜ್ಞಾನದ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಮಿನ ಪರಿಣಾಮ.’ ಒಂದಷ್ಟು ಸ್ಟಾಫ್ ನರ್ಸ್‌ಗಳನ್ನು ಕೂರಿಸಿ ಪ್ರಶ್ನೆಪತ್ರಿಕೆ ಕೊಡುವುದು, ಚಾರ್ಟು ತೋರಿಸಿ ಮುಕ್ಕಾಲು ಗಂಟೆ ಪಾಠ ಮಾಡುವುದು, ಏಳನೇ ದಿನ ಅದೇ ಪ್ರಶ್ನೆಗಳನ್ನು ಮತ್ತೆ ಕೊಡುವುದು. ಅಂಕ ಏರದೆ ಏನಾಗುತ್ತದೆ? ಏರಿತು. ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂತು. ಗೈಡ್ ಖುಷಿಪಟ್ಟರು. ಒಂದೇ ಒಂದು ಬೆನ್ನನ್ನೂ ಮುಟ್ಟದೆ ಬೆನ್ನಿನ ಹುಣ್ಣಿನ ಮೇಲೆ ಪದವಿ ಪಡೆದೆ.

ಆ ಪ್ರಬಂಧದಲ್ಲಿ ಒಂದು ಸಾಲಿದೆ, ಅಧ್ಯಯನದಿಂದ ಯಾರನ್ನು ಕೈಬಿಡಲಾಗಿದೆ ಎಂದು ಹೇಳುವ ಸಾಲು. ನೋಂದಾಯಿತ ನರ್ಸ್‌ಗಳಲ್ಲದ ಸಿಬ್ಬಂದಿ ಎಂದು ಅಲ್ಲಿ ಬರೆದಿದ್ದೇನೆ. ಅಂದರೆ ಆಯಾಗಳು, ವಾರ್ಡ್‌ಬಾಯ್‌ಗಳು. ರೋಗಿಯನ್ನು ನಿಜವಾಗಿ ಎತ್ತಿ ಮಗ್ಗುಲಾಗಿಸುವ ಕೈಗಳನ್ನು ಸಂಶೋಧನೆಯ ಹೊಸ್ತಿಲಲ್ಲೇ ನಿಲ್ಲಿಸಿದ ಸಾಲು. ಬರೆಯುವಾಗ ನನಗೆ ಏನೂ ಅನ್ನಿಸಿರಲಿಲ್ಲ.

ಅದೇ ಪ್ರಬಂಧದಲ್ಲಿ ಡೊರೀನ್ ನಾರ್ಟನ್ ಹೆಸರನ್ನೂ ಬರೆದಿದ್ದೆ, ಎಲ್ಲಿಂದಲೋ ಇಳಿಸಿಕೊಂಡು. ಆಕೆಯ ಕೆಲಸವನ್ನು ಮನಸ್ಸಿಟ್ಟು ಓದಿದ್ದು ಬಹಳ ತಡವಾಗಿ. ಬ್ರಿಟನ್ನಿನ ಈ ನರ್ಸ್, ರೋಡಾ ಮೆಕ್‌ಲಾರೆನ್ ಎಂಬ ಇನ್ನೊಬ್ಬ ನರ್ಸ್, ಎಕ್ಸ್‌ಟನ್-ಸ್ಮಿತ್ ಎಂಬ ವೃದ್ಧರೋಗ ತಜ್ಞ, ಮೂವರೂ ಕೂಡಿ ಆಸ್ಪತ್ರೆಯ ಮುದುಕರ ವಾರ್ಡುಗಳಲ್ಲಿ ಮಾಡಿದ ಅಧ್ಯಯನ 1962ರಲ್ಲಿ ಪ್ರಕಟವಾಯಿತು. ಮೈಸ್ಥಿತಿ, ಮನಸ್ಥಿತಿ, ಓಡಾಟ, ಹೊರಳಾಟ, ಮಲಮೂತ್ರದ ಹಿಡಿತ ಎಂಬ ಐದು ಅಂಶಗಳಿಗೆ ಅಂಕ ಕೊಟ್ಟು, 20ರಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಅವರು ಗುರುತಿಸಿದರು. ಮೈಗೆ ಹಚ್ಚುವ ದ್ರವ, ಮುಲಾಮುಗಳಿಂದಲ್ಲ, ಒತ್ತಡ ಬಿಡಿಸುವುದರಿಂದ ಹುಣ್ಣು ತಡೆಯಬಹುದು ಎಂಬುದು ಅವರ ಕೆಲಸದ ತಿರುಳು. ಇತ್ತ ನಾನು ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಸೋಪು, ಸ್ಪಿರಿಟ್, ಪೌಡರಿನ ಬ್ಯಾಕ್ ಕೇರ್ ಕಲಿಸುತ್ತಿದ್ದೆ. ಎಲುಬು ಎದ್ದ ಜಾಗವನ್ನು ಗುಂಡಗೆ ತಿಕ್ಕಿಸಿ ಪ್ರಾಕ್ಟಿಕಲ್ಲಿನಲ್ಲಿ ಅಂಕ ಕೊಡುತ್ತಿದ್ದೆ. ಸ್ಪಿರಿಟ್ಟಿನಿಂದ ಚರ್ಮ ಒಣಗುತ್ತದೆ. ಹುಣ್ಣಾಗಬಹುದಾದ ಜಾಗವನ್ನು ತಿಕ್ಕಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳಿದ ಮೇಲೂ ನನ್ನ ನೋಟ್ಸ್ ಬದಲಾಗಲು ಎರಡು ಬ್ಯಾಚ್ ಹಿಡಿಯಿತು. ಟ್ರೇ ಜೋಡಿಸುವುದು ನೋಡಲು ಚಂದವಿತ್ತು, ಅದಕ್ಕೆ.

ಈಗ ವಿದ್ಯಾರ್ಥಿಗಳನ್ನು ಕರೆದುಕೊಂಡು ಧಾರವಾಡದ ಆಚೆಗಿನ ಒಂದು ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಹಾಸಿಗೆ ಹಿಡಿದವರೇ ಹೆಚ್ಚು. ನೋಡಿಕೊಳ್ಳುವವರು ಅಕ್ಕಪಕ್ಕದ ಹಳ್ಳಿಯ ಹೆಣ್ಣುಮಕ್ಕಳು. ಹೋದ ಮೊದಲ ತಿಂಗಳೇ ಅಲ್ಲಿನ ಚಾರ್ಟು ನೋಡಿದೆ. ಒಂದೇ ಪೆನ್ನು, ಒಂದೇ ಓಟ. ನನ್ನ ಕೈಬರಹವನ್ನೇ ಕಂಡಂತಾಯಿತು. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ಅಲ್ಲಿ ನಾನು ಮಾಡಿದ್ದು ಸಣ್ಣ ಕೆಲಸ. ಚಾರ್ಟಿಗೆ ಇನ್ನೊಂದು ಕಾಲಂ ಸೇರಿಸಿದೆ: ‘ಆಗಲಿಲ್ಲ’. ಅದರ ಪಕ್ಕದಲ್ಲಿ ‘ಯಾಕೆ’. ಅದನ್ನು ತುಂಬಿದವರನ್ನು ಯಾರೂ ಏನೂ ಅನ್ನುವಂತಿಲ್ಲ ಎಂದು ಆಶ್ರಮದ ಮ್ಯಾನೇಜರ್ ಮುಂದೆಯೇ ಮಾತು ತೆಗೆದುಕೊಂಡೆ. ಮೊದಲ ವಾರ ಕಾಲಂ ಖಾಲಿ. ಯಾರಿಗೂ ನಂಬಿಕೆ ಬಂದಿರಲಿಲ್ಲ. ಎರಡನೇ ವಾರ ಹಿರಿಯಳೊಬ್ಬಳು, ಎಲ್ಲರೂ ಅಕ್ಕಾರು ಎನ್ನುವವಳು, ಒರಟು ಅಕ್ಷರದಲ್ಲಿ ಬರೆದಳು: ‘ಒಬ್ಬಾಕಿನ ಇದ್ನಿ. ಅಮ್ಮಾರು ದಪ್ಪ ಅದಾರ.’ ಅಲ್ಲಿಂದ ಕಾಲಂ ತುಂಬತೊಡಗಿತು. ರಾತ್ರಿ ಎರಡರಿಂದ ಐದರವರೆಗೇ ಹೆಚ್ಚು. ಕಾರಣವೂ ಹೆಚ್ಚುಕಡಿಮೆ ಒಂದೇ: ಎತ್ತಲು ಇಬ್ಬರು ಬೇಕು, ಇರುವುದು ಒಬ್ಬಳು.

ನಾನು ಓದಿದ ಸಂಶೋಧನೆಗಳಲ್ಲಿ ಇದಕ್ಕೆ ದಾರಿ ಇತ್ತು. ಅಮೆರಿಕ, ಕೆನಡಾಗಳ 27 ನರ್ಸಿಂಗ್ ಹೋಮ್‌ಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಳ್ಳೆಯ ದಟ್ಟ ಫೋಮ್ ಹಾಸಿಗೆಯಿದ್ದರೆ ಎರಡು, ಮೂರು, ನಾಲ್ಕು ತಾಸಿಗೊಮ್ಮೆ ಮಗ್ಗುಲಾಗಿಸಿದವರ ನಡುವೆ ಹುಣ್ಣಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಮಗ್ಗುಲಾಗಿಸಿದವರೂ, ಮಗ್ಗುಲಾಗಿಸಿದಾಗೆಲ್ಲ ಚರ್ಮ ನೋಡಿ ಬರೆದವರೂ ನಮ್ಮ ಆಯಾಗಳಂಥ ಸಹಾಯಕಿಯರೇ. ನಾನು ಹೊಸ್ತಿಲಾಚೆ ನಿಲ್ಲಿಸಿದ್ದ ಜನ ಅಲ್ಲಿ ಅಧ್ಯಯನದ ಬೆನ್ನೆಲುಬಾಗಿದ್ದರು.

ನಾವೆಲ್ಲ ಕೂತು ಮಾತಾಡಿದೆವು. ಹಳೆಯ ಹತ್ತಿ ಗಾದಿ ತೆಗೆಸಿ, ದಾನಿಗಳಿಂದ ಕೆಲವು ಫೋಮ್ ಹಾಸಿಗೆ ಬಂದವು. ಫಿಸಿಯೋಥೆರಪಿಸ್ಟ್ ಬಂದು ಮಡಚಿದ ಬೆಡ್‌ಶೀಟನ್ನು ಮೈಕೆಳಗೆ ಹಾಕಿ ಎಳೆದು ಹೊರಳಿಸುವುದನ್ನು ತೋರಿಸಿದರು. ಅಡುಗೆಯಾಕೆ ಬೆಳಗಿನ ನಾಲ್ಕಕ್ಕೇ ಏಳುವವಳು, ಆ ಹೊತ್ತಿಗೆ ಎರಡನೇ ಜೊತೆ ಕೈ ತಾನಾಗುತ್ತೇನೆ ಅಂದಳು. ಟೀಮ್‌ವರ್ಕ್ ಕುರಿತು ಹತ್ತಾರು ವರ್ಕ್‌ಶಾಪಿನಲ್ಲಿ ಸ್ಲೈಡ್ ತೋರಿಸಿದವಳು ನಾನು. ಯಾವ ಸ್ಲೈಡಿನಲ್ಲೂ ಅಡುಗೆಯಾಕೆ ಇರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಾನು ಒಳ್ಳೆಯವಳಾಗಿ ಉಳಿಯುತ್ತೇನೆ. ಆದರೆ ಕಳೆದ ವರ್ಷದ ಸಂಗತಿ ಬಾಕಿಯಿದೆ. ಆಶ್ರಮಕ್ಕೆ ತಪಾಸಣೆಯವರು ಬರುವವರಿದ್ದರು. ಹಿಂದಿನ ಸಂಜೆ ನಾನು ಫೈಲು ತೆರೆದೆ. ‘ಆಗಲಿಲ್ಲ’ ‘ಆಗಲಿಲ್ಲ’ ಎಂದು ಪುಟ ತುಂಬ. ನೋಡುವವರು ಏನೆಂದುಕೊಂಡಾರು? ಆಶ್ರಮಕ್ಕೆ ಕೆಟ್ಟ ಹೆಸರು, ಕಾಲೇಜಿಗೂ ಹೊಡೆತ, ಎಂದು ನನ್ನಷ್ಟಕ್ಕೆ ನಾನೇ ವಾದ ಹೂಡಿ, ಆ ಹಾಳೆಗಳನ್ನು ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹಳೆಯ ಮಾದರಿಯ ಚಾರ್ಟುಗಳನ್ನು ಮುಂದಿಟ್ಟೆ. ಬಂದವರು ದಾಖಲೆ ಅಚ್ಚುಕಟ್ಟಾಗಿದೆ ಅಂದರು. ನಾನು ನಕ್ಕು ಚಹಾ ಕೊಟ್ಟೆ. ನಲವತ್ತು ಹಾಸಿಗೆಯ ವಾರ್ಡು ಅಲ್ಲಿರಲಿಲ್ಲ, ರಾತ್ರಿ ಪಾಳಿಯ ದಣಿವೂ ಇರಲಿಲ್ಲ. ಹಳೆಯ ನೆಪಗಳಲ್ಲಿ ಒಂದೂ ಇಲ್ಲದೆ ಹಳೆಯ ಕೆಲಸವನ್ನೇ ಮಾಡಿದ್ದೆ.

ಮರುದಿನ ಬೆಳಿಗ್ಗೆ ಅಕ್ಕಾರು ಹೊಸ ಚಾರ್ಟು ಹಿಡಿದು ಬಂದಳು. ಪೆನ್ನಿನ ಮುಚ್ಚಳ ತೆಗೆದು ನಿಂತು ಕೇಳಿದಳು: ‘ಇನ್ ಮ್ಯಾಲೆ ಖರೇದು ಬರೀಬೇಕೇನ್ರಿ ಮೇಡಮ್ಮಾರ, ಇಲ್ಲಾ ಚಂದಂದು ಬರೀಬೇಕೇನ್ರಿ?’

ಇವಳ ದನಿಯಲ್ಲೂ ಕೊಂಕಿರಲಿಲ್ಲ. ಅಂಥ ದನಿಯನ್ನು ನಾನು ಹಿಂದೊಮ್ಮೆ ಕೇಳಿದ್ದೆ.

‘ಖರೇದು’ ಅಂದೆ.

ಅವಳು ಹೋಗಲಿಲ್ಲ. ಪೆನ್ನು ಹಿಡಿದು ಅಲ್ಲೇ ನಿಂತಿದ್ದಳು, ನಾನು ಬೀರುವಿನ ಕೀಲಿ ಹುಡುಕಿ ತೆಗೆಯುವವರೆಗೆ.