ನಾಲ್ಕು ಖಾಲಿ ಮನೆ

ನಮ್ಮ ಮನೆಯಲ್ಲಿ ಇಸ್ಪೀಟಿಗೆ ವರ್ಷಕ್ಕೆ ಒಂದೇ ರಾತ್ರಿ ಪರವಾನಗಿ, ಶಿವರಾತ್ರಿಯದು. ಹನ್ನೊಂದು ಗಂಟೆಗೆಲ್ಲ ಭಜನೆ ಸೊರಗಿದ ಮೇಲೆ ಗಂಡಸರು ಜಗಲಿಯಲ್ಲಿ ಜಮಖಾನ ಹಾಸಿ ಇಪ್ಪತ್ತೆಂಟರ ಆಟಕ್ಕೆ ಕೂರುತ್ತಿದ್ದರು. ಜಾಗರಣೆಗೆಂದು ಆಡಿದ್ದನ್ನು ಶಿವ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ನಂಬಿಕೆ. ಬೆಳಗಾದರೆ ಇಸ್ಪೀಟು ಮತ್ತೆ ಮನೆಹಾಳು ಬಾಬತ್ತು. ಒಂದು ಬೇಸಿಗೆ ರಜೆಯಲ್ಲಿ ನನ್ನ ಪುಸ್ತಕದ ಚೀಲದಲ್ಲಿ ಸಿಕ್ಕ ಎಲೆಕಟ್ಟನ್ನು ಅಮ್ಮ ಬಚ್ಚಲೊಲೆಗೆ ಹಾಕಿದಳು. ಆವತ್ತು ಸ್ನಾನದ ನೀರು ಬಹಳ ಚೆನ್ನಾಗಿ ಕಾದಿತ್ತು ಅಂತ ನಮ್ಮಣ್ಣ ಈಗಲೂ ಹೇಳುತ್ತಾನೆ.

ಇಂಥ ಮನೆಯಿಂದ ಬಂದವನನ್ನು ಕೂರಿಸಿ, ಸಂಬಳ ಕೊಟ್ಟು, ಹಗಲು ಹೊತ್ತಿನಲ್ಲಿ ಇಸ್ಪೀಟಾಡಿಸಿದ್ದು ನಾನು ಕೆಲಸಕ್ಕಿದ್ದ ಬ್ಯಾಂಕು. ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಶಾಖೆಗೆ ಎರಡು ಕಂಪ್ಯೂಟರ್ ಬಂದವು. ಅವಕ್ಕೆ ಪ್ಲಾಸ್ಟಿಕ್ ಹೊದಿಕೆ, ಬೀಗ ಹಾಕುವ ಕೋಣೆ, ಬಾಗಿಲಲ್ಲಿ ಚಪ್ಪಲಿ ಬಿಡುವ ನಿಯಮ. ಗರ್ಭಗುಡಿಗೆ ಇದ್ದ ಮಡಿಯೆಲ್ಲ ಇತ್ತು. ಇಪ್ಪತ್ತೈದರ ಹುಡುಗನೊಬ್ಬ ತರಬೇತಿಗೆ ಬಂದ. ಮೂವತ್ತು ವರ್ಷ ಲೆಡ್ಜರು ಎತ್ತಿದ ಕೈಗಳಿಗೆ ಮೌಸ್ ಹಿಡಿಸುವುದು ಅವನ ಪಾಲಿಗೆ ಬಂದ ಶಿಕ್ಷೆ. ನಮ್ಮ ಹಿರಿಯ ಕ್ಯಾಷಿಯರು ಮೌಸನ್ನು ಮೇಜಿನಿಂದ ಎತ್ತಿ, ಟೀವಿ ರಿಮೋಟಿನ ಹಾಗೆ ಪರದೆಗೆ ಗುರಿಯಿಟ್ಟು ಒತ್ತಿದರು. ಹುಡುಗ ನಗಲಿಲ್ಲ. "ಸಾರ್, ಮೂರು ದಿನ ಬೇರೇನೂ ಬೇಡ, ಇಸ್ಪೀಟಾಡಿ" ಅಂದ.

ಅದು ಅವನ ಸ್ವಂತ ಉಪಾಯವೆಂದೇ ಬಹಳ ದಿನ ನಂಬಿದ್ದೆ. ಆಮೇಲೆ ಓದಿ ತಿಳಿಯಿತು: 1990ರಲ್ಲಿ ವಿಂಡೋಸ್ 3.0 ಜೊತೆ ಮೈಕ್ರೋಸಾಫ್ಟ್ ಸಾಲಿಟೇರನ್ನು ಕೊಟ್ಟಿದ್ದರ ಲಾಭವೇ ಅದು. ಒತ್ತಿ ಹಿಡಿದು, ಎಳೆದು, ಬೇಕಾದಲ್ಲಿ ಬಿಡುವುದನ್ನು ಜನ ಪಾಠವೆಂದು ಗೊತ್ತಾಗದ ಹಾಗೆ ಕಲಿತರು. ಆ ಆಟ ಬರೆದವನು ವೆಸ್ ಚೆರಿ ಎಂಬ ತರಬೇತಿ ವಿದ್ಯಾರ್ಥಿ. ಎಲೆಗಳ ಚಿತ್ರ ಸೂಸನ್ ಕೇರ್ ಅವರದು. ಮ್ಯಾಕಿಂತೋಷಿನ ಪುಟ್ಟ ಪುಟ್ಟ ಚಿಹ್ನೆಗಳನ್ನು ಬರೆದದ್ದೂ ಅವರೇ. ಸಾಹೇಬರು ಹತ್ತಿರ ಬಂದರೆ ಒಂದೇ ಗುಂಡಿಗೆ ಆಟ ಮಾಯವಾಗಿ ಲೆಕ್ಕದ ಹಾಳೆ ಕಾಣಿಸುವ ಸೌಕರ್ಯವನ್ನೂ ಚೆರಿ ಮಾಡಿದ್ದನಂತೆ, ಕಂಪನಿ ತೆಗೆಸಿಹಾಕಿತು. ಲೋಕದ ಕಚೇರಿಗಳಲ್ಲೆಲ್ಲ ಓಡಿದ ಆ ಆಟಕ್ಕೆ ಅವನಿಗೆ ಗೌರವಧನವಾಗಿ ಒಂದು ಬಿಡಿಗಾಸೂ ಬರಲಿಲ್ಲ. ಆ ಗುಂಡಿಯಾದರೂ ಉಳಿದಿದ್ದರೆ ನ್ಯೂಯಾರ್ಕಿನ ಒಬ್ಬ ಗುಮಾಸ್ತನಿಗೆ ಉಪಕಾರವಾಗುತ್ತಿತ್ತು. 2006ರಲ್ಲಿ ಅಲ್ಲಿನ ಮೇಯರ್ ಬ್ಲೂಮ್‌ಬರ್ಗ್ ಒಂದು ಕಚೇರಿಗೆ ಹೋದಾಗ ಆತನ ಪರದೆಯ ಮೇಲೆ ಎಲೆಗಳು ಹರಡಿದ್ದವು, ಕೆಲಸ ಹೋಯಿತು. ನಮ್ಮಮ್ಮನಿಗೆ ಈ ಸುದ್ದಿ ಓದಿ ಹೇಳಿದ್ದರೆ ಮೇಯರ್ ಪಕ್ಷ ವಹಿಸುತ್ತಿದ್ದಳು.

ನನಗೆ ಸಾಲಿಟೇರ್ ಬಹುಕಾಲ ರುಚಿಸಲಿಲ್ಲ. ಗೆದ್ದಾಗ ಎಲೆಗಳು ಪುಟಿಯುತ್ತ ಬಿದ್ದುಹೋಗುವುದು ನೋಡಲು ಚಂದ, ಆದರೆ ಅದರಲ್ಲಿ ಅರ್ಧ ಎಲೆ ಕವುಚಿ ಬಿದ್ದಿರುತ್ತವೆ. ಸೋತರೆ ಹಣೆಬರಹ ಅನ್ನಬಹುದು. ಬೇಕಾದ ಆಟೀನ್ ಎಕ್ಕ ಯಾವುದೋ ರಾಜನ ಅಡಿಯಲ್ಲಿ ಕೂತಿದ್ದರೆ ನಾನೇನು ಮಾಡಲಿ? ಪಕ್ಕದಲ್ಲೇ ಇದ್ದ ಇನ್ನೊಂದು ಆಟ ನನ್ನನ್ನು ಹಿಡಿದು ಕೂರಿಸಿತು: ಫ್ರೀಸೆಲ್.

ಫ್ರೀಸೆಲ್‌ನಲ್ಲಿ ಮುಚ್ಚಿಟ್ಟಿದ್ದು ಯಾವುದೂ ಇಲ್ಲ. ಐವತ್ತೆರಡು ಎಲೆಯೂ ಮೊದಲೇ ಮುಖ ಮೇಲೆ ಮಾಡಿ ಎಂಟು ಸಾಲಿನಲ್ಲಿ ನಿಂತಿರುತ್ತವೆ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು, ಇಳಿಯುವ ಕ್ರಮ. ಬಲಗಡೆ ಮೇಲೆ ನಾಲ್ಕು ಮನೆ. ಅಲ್ಲಿಗೆ ಎಕ್ಕದಿಂದ ಹಿಡಿದು ರಾಜನವರೆಗೆ ಜಾತಿವಾರು ಏರಿಸಬೇಕು. ಎಡಗಡೆಯೂ ನಾಲ್ಕು ಖಾಲಿ ಮನೆ, ಒಂದೊಂದರಲ್ಲಿ ಒಂದೇ ಎಲೆ ಇಟ್ಟುಕೊಳ್ಳಬಹುದು. ನನ್ನ ವೃತ್ತಿಯವರಿಗೆ ಇದನ್ನು ವಿವರಿಸುವುದು ಸುಲಭ: ಅದು ಸಸ್ಪೆನ್ಸ್ ಖಾತೆ. ಯಾವ ತಲೆಬರಹಕ್ಕೆ ಹಾಕಬೇಕೋ ತಿಳಿಯದ ರಕಮನ್ನು ಸದ್ಯಕ್ಕೆ ಅಲ್ಲಿಡು, ನಾಳೆ ತೀರಿಸು. ತೀರಿಸದೆ ನಾಲ್ಕನ್ನೂ ತುಂಬಿಸಿದವನ ಗತಿ ಆಡಿಟ್ ದಿನ ನೋಡಬೇಕು.

ಹೊಸಬರು ಕೈಗೆ ಸಿಕ್ಕ ಎಲೆಯನ್ನೆಲ್ಲ ಆ ಮನೆಗಳಿಗೆ ತುರುಕುತ್ತಾರೆ. ನಾನೂ ತುರುಕಿದವನೇ. ಮನೆಗಳ ಬೆಲೆ ಅವು ಖಾಲಿ ಇರುವುದರಲ್ಲಿದೆ ಅನ್ನುವುದು ತಲೆಗೆ ಹತ್ತಲು ಎರಡು ತಿಂಗಳು ಬೇಕಾಯಿತು. ನಾಲ್ಕೂ ಖಾಲಿ ಇದ್ದರೆ ಐದು ಎಲೆಯ ಸರವನ್ನು ಒಟ್ಟಿಗೆ ಎತ್ತಿ ಬೇರೆಡೆ ಇಡಬಹುದು. ಜೊತೆಗೆ ಒಂದು ಸಾಲೂ ಪೂರ್ತಿ ಬರಿದಾಗಿದ್ದರೆ ಹತ್ತು. ಹಾಗಾಗಿ ನಾನು ಮೊದಲ ಎಲೆ ಮುಟ್ಟುವ ಮುಂಚೆ ಸುಮ್ಮನೆ ನೋಡುತ್ತ ಕೂರುತ್ತೇನೆ. ಎಕ್ಕಗಳು ಎಷ್ಟು ಆಳದಲ್ಲಿವೆ, ಎರಡುಗಳು ಅವುಗಳ ತಲೆಯ ಮೇಲೆ ಕೂತಿವೆಯೋ ಹೇಗೆ, ಯಾವ ಸಾಲು ಮೊದಲು ಬರಿದಾದೀತು. ಕಾಫಿ ಆರುತ್ತದೆ. ಏಳನೇ ನಡೆಯಲ್ಲಿ ಕಳಾವರ್ ಗುಲಾಮನನ್ನು ಡೈಮನ್ ರಾಣಿಯ ಮೇಲೆ ಇಟ್ಟರೆ ಹದಿನೈದನೇ ನಡೆಯಲ್ಲಿ ಬಾಗಿಲು ತೆರೆಯುತ್ತದೆ ಅಂತ ಇದ್ದಕ್ಕಿದ್ದಂತೆ ಕಾಣುತ್ತದಲ್ಲ, ಆ ಕ್ಷಣದ ಸುಖವನ್ನು ಯಾರಿಗೂ ಹೇಳಿಕೊಳ್ಳಲಾಗುವುದಿಲ್ಲ. ಹೆಂಡತಿಗೆ ಹೇಳಿ ನೋಡಿದ್ದೇನೆ. "ಎದುರಿಗೆ ಯಾರಿದಾರೆ?" ಅಂತ ಕೇಳಿದಳು. ಯಾರೂ ಇಲ್ಲ ಅಂದೆ. ಹುರುಳಿಕಾಯಿ ಬುಟ್ಟಿ ತಂದು ಮುಂದಿಟ್ಟಳು.

ಒಬ್ಬನೇ ಆಡುವುದಕ್ಕೆ ನಾಚಿಕೆಪಡಬೇಕಿಲ್ಲ ಅಂತ ಧೈರ್ಯ ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟ ಹೂಡಿದ ದೊರೆ. ಚದುರಂಗದ ಕುದುರೆಯೊಂದನ್ನೇ ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ಕಾಲಿಡುವಂತೆ ಓಡಿಸುವ ಲೆಕ್ಕ ಬಿಡಿಸುತ್ತ ಕೂತವರು. ಎದುರಾಳಿ ಇಲ್ಲದ ಆಟ ಅರಮನೆಗೆ ಶೋಭಿಸುವುದಾದರೆ ನಮ್ಮ ನಡುಮನೆಗೇನು ಕೊರತೆ?

ಫ್ರೀಸೆಲ್ ಹುಟ್ಟಿದ್ದೂ ಇಂಥದೇ ಒಂದು ಬಿಡುವಿನಲ್ಲಿ. 1978ರಲ್ಲಿ ಪಾಲ್ ಆಲ್ಫಿಲ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರಿನಲ್ಲಿ ಅದನ್ನು ಮೊದಲು ಬರೆದ. ಜಿಮ್ ಹಾರ್ನ್ ಎಂಬವನು ಪ್ಲೇಟೋದಲ್ಲಿ ಆಡಿ ಮರುಳಾಗಿ, ಮುಂದೆ ವಿಂಡೋಸಿಗೆ ತಂದ. ವಿಂಡೋಸ್ 95ರೊಡನೆ ಅದು ಮನೆಮನೆ ಹೊಕ್ಕಿತು. ಅವನ ಕುಸುರಿ ನೋಡಿ. ಎರಡು ಗುಂಪು ಮನೆಗಳ ನಡುವೆ ಒಬ್ಬ ಪುಟಾಣಿ ರಾಜನಿದ್ದಾನೆ. ಬಾಣವನ್ನು ಎಡಕ್ಕೆ ಒಯ್ದರೆ ಎಡಕ್ಕೆ ನೋಡುತ್ತಾನೆ, ಬಲಕ್ಕೆ ಒಯ್ದರೆ ಬಲಕ್ಕೆ. ಆಟಕ್ಕೆ ಇದರಿಂದ ಏನೂ ಆಗಬೇಕಿಲ್ಲ. ಇನ್ನು ಒಂದೇ ನಡೆ ಉಳಿದಿದ್ದರೆ ಕಿಟಕಿಯ ಮೇಲಂಚು ಮಿನುಗುತ್ತದೆ, ಗಂಟಲು ಸರಿಮಾಡಿಕೊಂಡು ಎಚ್ಚರಿಸುವ ಹಿರಿಯರ ಹಾಗೆ. ನಡುವೆ ಎದ್ದುಹೋಗಲು ನೋಡಿದರೆ ಈ ಆಟ ಬಿಟ್ಟುಕೊಡುತ್ತೀರಾ ಅಂತ ಕೇಳುತ್ತದೆ. ಹೌದು ಅಂದರೆ ಸೋಲಿನ ಲೆಕ್ಕಕ್ಕೆ ಒಂದು. ವಕೀಲಿಕೆ ನಡೆಯುವುದಿಲ್ಲ.

ಆ ಕಾಲದ ಕಂಪನಿಗಳಿಗೆ ಇಂಥ ಆಟಗಳು ಕೊಸರು. ಅಂಗಡಿಯವನು ಸಾಮಾನಿನ ಜೊತೆ ಹುಡುಗರ ಕೈಗೆ ಹಾಕುವ ಬೆಲ್ಲದ ಚೂರು. ಅದಕ್ಕೇ ಅವು ಅಷ್ಟು ಶುದ್ಧವಾಗಿ ಉಳಿದವು ಅಂತ ನನ್ನ ಅಂದಾಜು. ನಾನು ಎಷ್ಟು ಹೊತ್ತು ಆಡಿದೆ, ಯಾವಾಗ ಬೇಸತ್ತೆ ಅಂತ ದೂರದಲ್ಲಿ ಕೂತು ಯಾರೂ ಎಣಿಸುತ್ತಿರಲಿಲ್ಲ. 2012ರ ವಿಂಡೋಸ್ 8ರಲ್ಲಿ ಈ ಆಟಗಳನ್ನು ತೆಗೆದೇಬಿಟ್ಟರು. 2015ರ ವಿಂಡೋಸ್ 10ಕ್ಕೆ ಮರಳಿ ಬಂದವು, ನಡುನಡುವೆ ಜಾಹೀರಾತು ಹೊತ್ತು; ಜಾಹೀರಾತು ಬೇಡವೆಂದರೆ ತಿಂಗಳಿಗಿಷ್ಟು ಅಂತ ಚಂದಾ ಕಟ್ಟಬೇಕು. ಬೆಲ್ಲದ ಚೂರಿಗೂ ಬಿಲ್ಲು. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಆಟದ ಆ್ಯಪುಗಳನ್ನೇ ಬರೆಯುತ್ತಾನೆ, "ಮಾವ, ಆಟ ಮಾಡೋದು ಸುಲಭ, ಆಡೋರನ್ನ ಏಳದ ಹಾಗೆ ಕೂರಿಸೋದು ಕಷ್ಟ" ಅನ್ನುತ್ತಾನೆ. ಇಸ್ಪೀಟು ಅಡ್ಡೆ ನಡೆಸುವವರು ಯಾವಾಗಲೂ ಹೇಳುತ್ತಿದ್ದ ಮಾತಿದು, ಸಂಬಳ ಮಾತ್ರ ಈಗ ಹೆಚ್ಚು. ನಾನು ವಿಂಡೋಸ್ ಎಕ್ಸ್‌ಪಿ ಇರುವ ಒಂದು ಮುದಿ ಕಂಪ್ಯೂಟರನ್ನು ಇಂಟರ್‌ನೆಟ್ ತಂತಿ ಕಿತ್ತು ಇಟ್ಟುಕೊಂಡಿದ್ದೇನೆ. ಅದರ ಫ್ಯಾನು ಭತ್ತದ ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಯಾವ ಸುದ್ದಿಯನ್ನೂ ತರುವುದಿಲ್ಲ, ಯಾರಿಗೂ ಸುದ್ದಿ ಕೊಡುವುದಿಲ್ಲ.

ಇನ್ನು 11982ರ ವಿಷಯ. ಫ್ರೀಸೆಲ್‌ನಲ್ಲಿ ಪ್ರತಿ ಹಂಚಿಕೆಗೂ ಒಂದು ಸಂಖ್ಯೆಯಿದೆ. ಸಂಖ್ಯೆ ಹೊಡೆದರೆ ಅದೇ ಎಲೆಗಳು ಅದೇ ಕ್ರಮದಲ್ಲಿ ಬರುತ್ತವೆ. ಹಳೆಯದರಲ್ಲಿ 32,000 ಹಂಚಿಕೆಗಳಿದ್ದವು. ಎಲ್ಲವನ್ನೂ ಗೆಲ್ಲಬಹುದು ಅಂತ ನಂಬಿಕೆ ಮಾತ್ರ, ಸಾಬೀತಾಗಿಲ್ಲ ಅಂತ ಆಟದ ಸಹಾಯಪುಟವೇ ಹೇಳುತ್ತಿತ್ತು. ಅದನ್ನು ನೋಡಿಯೇ ಬಿಡೋಣ ಅಂತ ಡೇವ್ ರಿಂಗ್ ಎಂಬಾತ 1994ರಲ್ಲಿ ಇಂಟರ್‌ನೆಟ್ಟಿನಲ್ಲಿ ಆಸಕ್ತರನ್ನು ಕೂಡಿಸಿ, ತಲಾ ನೂರು ಆಟದಂತೆ ಹಂಚಿಕೊಟ್ಟ. ನಮ್ಮೂರಲ್ಲಿ ಅಡಕೆ ಸುಲಿಯಲು ಬುಟ್ಟಿ ಹಂಚುವ ಹಾಗೆ. ಒಬ್ಬರಿಗೆ ಆಗದ್ದನ್ನು ಇನ್ನೊಬ್ಬರು ಬಿಡಿಸುತ್ತ ಬಂದು ಕೊನೆಗೆ ಒಂದೇ ಒಂದು ಉಳಿಯಿತು, 11982. ಅದನ್ನು ಗೆಲ್ಲಲು ದಾರಿಯೇ ಇಲ್ಲ ಅಂತ ಮುಂದೆ ಕಂಪ್ಯೂಟರುಗಳೇ ಎಲ್ಲ ಮಗ್ಗುಲನ್ನೂ ಹುಡುಕಿ ಖಚಿತಪಡಿಸಿದವು. ಎಕ್ಸ್‌ಪಿಯಲ್ಲಿ ಹಂಚಿಕೆಗಳು ಹತ್ತು ಲಕ್ಷವಾದವು, ಗೆಲ್ಲಲಾಗದವು ಎಂಟು.

ಇದು ತಿಳಿದಾಗ ನನಗೆ ಆಗಿದ್ದು ವಿಚಿತ್ರ. ಆವರೆಗೆ ಪ್ರತಿ ಸೋಲೂ ನನ್ನದೇ ಆಗಿತ್ತು. ಎಲ್ಲ ಎಲೆಯೂ ಎದುರಿಗಿದ್ದು ಸೋತವನು ಯಾರನ್ನು ಬೈಯಬೇಕು? ಈಗ ಬೈಯಲು ಹತ್ತು ಲಕ್ಷದಲ್ಲಿ ಎಂಟು ಸಿಕ್ಕವು. ಆದರೆ ಬೈಯಲು ಮನಸ್ಸು ಬರಲಿಲ್ಲ. ಗೆದ್ದ ಆಟಗಳ ಸಂಖ್ಯೆಗಳೆಲ್ಲ ಮರೆತುಹೋಗಿವೆ, ಇದು ಮಾತ್ರ ಬಾಯಿಗೆ ಬರುತ್ತದೆ, ಹಳೆಯ ಉಳಿತಾಯ ಖಾತೆಯ ನಂಬರಿನ ಹಾಗೆ.

ಕಳೆದ ಶಿವರಾತ್ರಿ ಜಾಗರಣೆಗೆ ಅದನ್ನೇ ತೆಗೆದೆ. ಅಕ್ಕನ ಮಗ ಬಂದಿದ್ದ. "ಗೆಲ್ಲಲ್ಲ ಅಂತ ಗೊತ್ತಲ್ಲ ಮಾವ" ಅಂತ ಗೊಣಗಿಕೊಂಡೇ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಅರ್ಧ ಗಂಟೆಯಾದ ಮೇಲೆ ಅವನೇ ಪರದೆಗೆ ಬೆರಳಿಟ್ಟು "ಆ ಇಸ್ಪೀಟ್ ಒಂಬತ್ತನ್ನ ಈಗಲೇ ಎತ್ತಬೇಡಿ" ಅಂದ. ಎತ್ತಲಿಲ್ಲ. ಒಂದೂವರೆಗೆ ಎಡಗಡೆಯ ನಾಲ್ಕೂ ಮನೆ ತುಂಬಿದವು, ಮೇಲಂಚು ಮಿನುಗಿತು. ಆ ಉಳಿದ ಒಂದು ನಡೆಯನ್ನೂ ನಡೆಸಿದೆ. ಅವನು ಅಡುಗೆಮನೆಗೆ ಹೋಗಿ ಎರಡು ಲೋಟ ಕಾಫಿ ಬಿಸಿ ಮಾಡಿ ತಂದು, "ಇನ್ನೊಂದು ಸಲ ಮೊದಲಿಂದ" ಅಂದ.